ಹೊಂದುವ ಮಜ್ಜೆ ನಮ್ಮೂರಲ್ಲೇ ಇರಬಹುದು, ಪಟ್ಟಿಯಲ್ಲಿ ನಾವೆಷ್ಟು ಜನ ಇದ್ದೇವೆ?

ಕಲಬುರಗಿಯ ಒಂದು ರಕ್ತನಿಧಿ, ಬೆಳಿಗ್ಗೆ ಹತ್ತೂವರೆ. ರಕ್ತ ಕೊಟ್ಟು, ಮೊಣಕೈ ಮಡಚಿ ಹತ್ತಿ ಒತ್ತಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಆಳಂದ ಕಡೆಯ ಹಳ್ಳಿಯಿಂದ ಬಂದ ತಾಯಿ. ಅವರ ತೊಡೆಯ ಮೇಲೆ ತಲೆ ಇಟ್ಟು ಏಳು ವರ್ಷದ ಮಗ ಮಲಗಿದ್ದ. ತುಟಿ ಬಿಳಿಚಿಕೊಂಡಿತ್ತು. ಹೊಟ್ಟೆಯ ಎಡಭಾಗ ಸ್ವಲ್ಪ ಉಬ್ಬಿತ್ತು. ಕಾಲ ಬಳಿ ಬೀಜದ ಅಂಗಡಿಯ ಹೆಸರಿದ್ದ ಕೈಚೀಲ, ಅದರಲ್ಲಿ ದಪ್ಪ ಫೈಲು. ಹುಡುಗನಿಗೆ ಥಲಸೇಮಿಯಾ, ಅಪ್ಪ ಅವ್ವನಿಂದ ಬರುವ ರಕ್ತದ ಕಾಯಿಲೆ. ಎಂಟು ತಿಂಗಳ ಕೂಸಿದ್ದಾಗಿನಿಂದ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಿದ್ದಾರೆ. ಮನಸ್ಸಲ್ಲೇ ಲೆಕ್ಕ ಹಾಕಿದೆ. ವರ್ಷಕ್ಕೆ ಹದಿನೇಳು ಸಲ. ಇಲ್ಲಿಯವರೆಗೆ ನೂರು ದಾಟಿದೆ.

ನಾನು ರಕ್ತ ಕೊಡೋಕೆ ಬಂದವನು ಅಂತ ಗೊತ್ತಾದ ಮೇಲೆ ಅವರು ಮಾತಿಗೆ ಬಂದರು. "ಅಣ್ಣಾರೆ, ಎಲುವಿಂದು ಆಪರೇಷನ್ ಮಾಡಿಸಿದ್ರ ರಕ್ತ ಹಾಕೋದು ನಿಂತೇ ಹೋಗ್ತದಂತ. ಖರೇ ಏನ್ರಿ?"

ಖರೇ. ಆದರೆ ಅದರ ಹಿಂದಿರುವ ಷರತ್ತುಗಳನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸೋಕೆ ನನಗೆ ಆಗಲಿಲ್ಲ. ಮನೆಗೆ ಬಂದ ಮೇಲೂ ಆ ಪ್ರಶ್ನೆ ತಲೆಯಲ್ಲೇ ಇತ್ತು. ಕಲಬುರಗಿ, ಬೀದರ್, ಯಾದಗಿರಿಯ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇದೆ ಅಂತ ಗೊತ್ತಿರೋದರಿಂದ ಇದನ್ನು ಬರೆಯುತ್ತಿದ್ದೇನೆ.

ಅವರು 'ಎಲುವಿನ ಆಪರೇಷನ್' ಅಂದದ್ದು ಅಸ್ಥಿಮಜ್ಜೆ ಕಸಿಯನ್ನು. ಆಸ್ಪತ್ರೆಗಳಲ್ಲಿ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್, ಚಿಕ್ಕದಾಗಿ ಬಿಎಂಟಿ ಅಂತಾರೆ. ಮಟನ್ ತಿನ್ನುವವರಿಗೆ ಮಜ್ಜೆ ಏನು ಅಂತ ವಿವರಿಸಬೇಕಿಲ್ಲ. ನಲ್ಲಿ ಎಲುಬನ್ನು ತಟ್ಟೆಗೆ ಬಡಿದು ಹೀರಿದವರಿಗೆ ಗೊತ್ತು, ಎಲುಬಿನ ಒಳಗಿನ ಆ ಮೆತ್ತನೆ ವಸ್ತುವೇ ಮಜ್ಜೆ. ನಮ್ಮ ಮೈಯಲ್ಲಿ ಅದು ರಕ್ತದ ಕಾರ್ಖಾನೆ. ಒಂದು ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಹಾಗಾಗಿ ದಿನಾಲೂ ಹೊಸದು ಹುಟ್ಟುತ್ತಲೇ ಇರಬೇಕು. ವಯಸ್ಕರ ಮಜ್ಜೆ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ಕಣ ತಯಾರಿಸುತ್ತದೆ. ಬಿಳಿ ಕಣ, ಪ್ಲೇಟ್‌ಲೆಟ್ ಬೇರೆ. ಇಷ್ಟನ್ನೂ ಹುಟ್ಟಿಸುವ ಮೂಲ ಕೋಶಗಳಿಗೆ ಕಾಂಡಕೋಶ, ಇಂಗ್ಲಿಷಿನಲ್ಲಿ ಸ್ಟೆಮ್ ಸೆಲ್, ಅಂತ ಹೆಸರು.

ಥಲಸೇಮಿಯಾದಲ್ಲಿ ಈ ಕಾರ್ಖಾನೆ ತಯಾರಿಸುವ ಹಿಮೋಗ್ಲೋಬಿನ್‌ನಲ್ಲೇ ದೋಷ. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಕಾರ್ಖಾನೆಯೇ ಮುಚ್ಚಿಬಿಟ್ಟಿರುತ್ತದೆ. ರಕ್ತದ ಕ್ಯಾನ್ಸರಿನಲ್ಲಿ ಕೆಟ್ಟ ಕಣಗಳು ಹುಚ್ಚಾಪಟ್ಟೆ ಹುಟ್ಟುತ್ತವೆ. ಹಾಗಂತ ರಕ್ತದ ಕ್ಯಾನ್ಸರ್ ಅಂದ ತಕ್ಷಣ ಕಸಿ ಬೇಕು ಅಂತಲ್ಲ. ಸಿಎಂಎಲ್ ಅನ್ನುವ ಒಂದು ಬಗೆಗೆ 2001ರಲ್ಲಿ ಇಮ್ಯಾಟಿನಿಬ್ ಮಾತ್ರೆ ಬಂದ ಮೇಲೆ ಬಹುಪಾಲು ರೋಗಿಗಳಿಗೆ ಕಸಿಯ ಅಗತ್ಯವೇ ಇಲ್ಲವಾಯಿತು. ಮಲ್ಟಿಪಲ್ ಮೈಲೋಮಾದಂಥ ಕೆಲವು ಕಾಯಿಲೆಗಳಲ್ಲಿ ರೋಗಿಯದೇ ಕಾಂಡಕೋಶ ತೆಗೆದಿಟ್ಟು ವಾಪಸ್ ಕೊಡುತ್ತಾರೆ. ಅದಕ್ಕೆ ದಾನಿ ಬೇಕಿಲ್ಲ. ನಾನಿಲ್ಲಿ ಹೇಳುತ್ತಿರುವುದು ಬೇರೆಯವರ ಮಜ್ಜೆ ಬೇಕಾದವರ ಮಾತು.

ನಮ್ಮ ಕಡೆ ಬಿತ್ತನೆ ಗೊತ್ತಿಲ್ಲದವರಿಲ್ಲ. ಹಾಗಾಗಿ ಆ ತಾಯಿಗೆ ಹೊಲದ ಲೆಕ್ಕದಲ್ಲೇ ಹೇಳಿದೆ. ಮೊದಲು ಹೊಲ ಹರಗಬೇಕು. ಅಂದರೆ ಜೋರಾದ ಕೀಮೋ ಔಷಧಿ ಕೊಟ್ಟು ಕೆಟ್ಟ ಮಜ್ಜೆಯನ್ನು ಪೂರ್ತಿ ತೆಗೆದುಹಾಕಬೇಕು. ಆಮೇಲೆ ಬಿತ್ತನೆ. ದಾನಿಯ ಕಾಂಡಕೋಶ ಒಂದು ಚೀಲದಲ್ಲಿ ಬರುತ್ತದೆ. ನೋಡೋಕೆ ರಕ್ತದ ಚೀಲದ ಹಾಗೇ ಇರುತ್ತದೆ. ಎದೆಯ ಹತ್ತಿರ ಹಾಕಿದ ನಳಿಕೆಯಿಂದ ಮೈಯೊಳಗೆ ಹೋಗುತ್ತದೆ. ರೋಗಿಗೆ ಎಲುಬು ಕೊಯ್ಯುವುದೂ ಇಲ್ಲ, ಹೊಲಿಗೆಯೂ ಇಲ್ಲ. ರಕ್ತಕ್ಕೆ ಸೇರಿದ ಆ ಕೋಶಗಳು ತಾವಾಗಿಯೇ ದಾರಿ ಹುಡುಕಿಕೊಂಡು ಎಲುಬಿನೊಳಗೆ ಹೋಗಿ ನೆಲೆ ನಿಲ್ಲುತ್ತವೆ. ಇದನ್ನು ಎಷ್ಟು ಸಲ ಓದಿದರೂ ನನಗೆ ಬೆರಗು.

ಮೊಳಕೆ ಬರೋಕೆ ಎರಡರಿಂದ ನಾಲ್ಕು ವಾರ ಬೇಕು. ಆ ದಿನಗಳೇ ಅಪಾಯದವು. ಬಿಳಿ ಕಣ ಹೆಚ್ಚುಕಡಿಮೆ ಸೊನ್ನೆ. ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು. ಅದಕ್ಕೇ ಗಾಳಿಯನ್ನು ಸೋಸಿ ಬಿಡುವ ಪ್ರತ್ಯೇಕ ಕೋಣೆ, ಜತೆಗೆ ಒಬ್ಬರೇ ಇರಬೇಕು, ಹೊರಗಿನ ಊಟ ಇಲ್ಲ. ದಿನಾ ಬೆಳಿಗ್ಗೆ ರಕ್ತ ಪರೀಕ್ಷೆ. ನ್ಯೂಟ್ರೊಫಿಲ್ ಅನ್ನುವ ಬಿಳಿ ಕಣ 500 ದಾಟಿ ಮೂರು ದಿನ ಹಾಗೇ ನಿಂತರೆ ಬೀಜ ಬೇರು ಬಿಟ್ಟಿದೆ ಅಂತ ಅರ್ಥ. ಆದರೂ ಒಂದು ಭಯ ಉಳಿಯುತ್ತದೆ. ದಾನಿಯ ಕೋಶಗಳು ರೋಗಿಯ ಮೈಯನ್ನೇ ಪರಕೀಯ ಅಂದುಕೊಂಡು ಚರ್ಮ, ಕರುಳು, ಲಿವರ್ ಮೇಲೆ ದಾಳಿ ಮಾಡಬಹುದು. ಡಾಕ್ಟರುಗಳು ಇದನ್ನು ಜಿವಿಎಚ್‌ಡಿ ಅಂತಾರೆ. ಇದನ್ನು ಹತೋಟಿಯಲ್ಲಿಡೋಕೆ ತಿಂಗಳುಗಟ್ಟಲೆ ಮಾತ್ರೆ. ಮೊದಲ 100 ದಿನ ಆಸ್ಪತ್ರೆಯ ಹತ್ತಿರವೇ ಇರಬೇಕು ಅನ್ನುವುದು ಇದಕ್ಕೇ.

ಇದು ಪ್ರಯೋಗದ ಚಿಕಿತ್ಸೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಅಮೆರಿಕದ ಡಾಕ್ಟರ್ ಇ. ಡೊನಾಲ್ ಥಾಮಸ್ 1950ರ ದಶಕದಲ್ಲಿ ಶುರುಮಾಡಿದ ಕೆಲಸ ಇದು. ಅವರಿಗೆ 1990ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ 1983ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಮೊದಲ ಕಸಿ ಆಯಿತು. 1986ರಲ್ಲಿ ವೆಲ್ಲೂರಿನ ಸಿಎಂಸಿ ಶುರುಮಾಡಿತು. 2012ರ ಹೊತ್ತಿಗೆ ಜಗತ್ತಿನಲ್ಲಿ ಹತ್ತು ಲಕ್ಷ ಕಸಿ ಮುಗಿದಿದ್ದವು. ಥಲಸೇಮಿಯಾ ಮಕ್ಕಳಿಗೆ ಸಣ್ಣ ವಯಸ್ಸಲ್ಲೇ, ಲಿವರ್ ಕೆಡುವ ಮೊದಲೇ, ಒಡಹುಟ್ಟಿದವರ ಹೊಂದುವ ಮಜ್ಜೆಯಿಂದ ಮಾಡಿದರೆ ಹತ್ತರಲ್ಲಿ ಎಂಟು ಒಂಬತ್ತು ಮಕ್ಕಳು ರಕ್ತ ಹಾಕಿಸುವ ಗೋಜೇ ಇಲ್ಲದೆ ಬೆಳೆಯುತ್ತಾರೆ.

ಹೊಂದುವ ಮಜ್ಜೆ ಅಂದೆ ಅಲ್ವಾ? ಇಡೀ ಕಥೆ ಸಿಕ್ಕಿಕೊಳ್ಳುವುದು ಆ ಮಾತಲ್ಲೇ.

ಹೊಂದೋದು ಅಂದರೆ ಏನು

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಬಿಡೋಣ. ರಕ್ತದ ಗುಂಪು ಒಂದೇ ಇರಬೇಕಿಲ್ಲ. ಬಿ ಪಾಸಿಟಿವ್ ಇದ್ದ ಮಗುವಿಗೆ ಓ ಪಾಸಿಟಿವ್ ದಾನಿಯ ಮಜ್ಜೆ ಹಾಕಬಹುದು. ಕೆಲವು ತಿಂಗಳಲ್ಲಿ ಮಗುವಿನ ರಕ್ತದ ಗುಂಪೇ ಬದಲಾಗಿ ಓ ಪಾಸಿಟಿವ್ ಆಗುತ್ತದೆ.

ಹೊಂದಬೇಕಾದದ್ದು ಎಚ್‌ಎಲ್‌ಎ. ಇದು ನಮ್ಮ ಜೀವಕೋಶಗಳ ಮೈಮೇಲಿರುವ ಗುರುತು. ಇವನು ನಮ್ಮವನು, ಇವನು ಹೊರಗಿನವನು ಅಂತ ಮೈ ಗುರುತಿಸುವುದು ಇದರಿಂದಲೇ. ಫ್ರಾನ್ಸಿನ ಜೀನ್ ದೊಸೆ 1958ರಲ್ಲಿ ಇದರ ಮೊದಲ ಸುಳಿವು ಹಿಡಿದರು. ಇದರ ಜೀನ್‌ಗಳು ಆರನೇ ವರ್ಣತಂತುವಿನಲ್ಲಿ ಒಟ್ಟಿಗೇ ಇರುತ್ತವೆ. ಮಗುವಿಗೆ ಅಪ್ಪನಿಂದ ಒಂದು ಕಟ್ಟು, ಅವ್ವನಿಂದ ಒಂದು ಕಟ್ಟು ಬರುತ್ತದೆ. ಹಾಗಾಗಿ ಅಪ್ಪ ಅವ್ವ ಸಾಮಾನ್ಯವಾಗಿ ಮಗುವಿಗೆ ಅರ್ಧ ಮಾತ್ರ ಹೊಂದುತ್ತಾರೆ. ಪೂರ್ತಿ ಹೊಂದುವವರು ಅಣ್ಣ ತಮ್ಮ, ಅಕ್ಕ ತಂಗಿ. ಅದೂ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಅವಕಾಶ.

ನಮ್ಮ ಅಜ್ಜಂದಿರ ಕಾಲದಲ್ಲಿ ಐದಾರು ಮಂದಿ ಒಡಹುಟ್ಟಿದವರು ಇರುತ್ತಿದ್ದರು. ಐವರಿದ್ದರೆ ಒಬ್ಬರಾದರೂ ಹೊಂದುವ ಅವಕಾಶ ಶೇ 76. ಇಬ್ಬರಿದ್ದರೆ ಶೇ 44. ಒಬ್ಬರೇ ಇದ್ದರೆ ಶೇ 25. ಈಗ ಎರಡು ಮಕ್ಕಳ ಮನೆಗಳೇ ಜಾಸ್ತಿ. ಥಲಸೇಮಿಯಾ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಎರಡನೇ ಮಗುವಿಗೂ ಅದೇ ಕಾಯಿಲೆ ಬರುವ ಅವಕಾಶ ನಾಲ್ಕರಲ್ಲಿ ಒಂದು. ಕಾಯಿಲೆಯೂ ಇಲ್ಲದೆ, ಮಜ್ಜೆಯೂ ಹೊಂದುವ ಮಗು ಹುಟ್ಟುವ ಅವಕಾಶ ಹದಿನಾರರಲ್ಲಿ ಮೂರು ಮಾತ್ರ. ಇಲ್ಲಿ ಒಂದು ಸಮಾಧಾನ ಇದೆ. ತಂಗಿ ಥಲಸೇಮಿಯಾ ವಾಹಕಿ ಆಗಿದ್ದರೂ, ಅಂದರೆ ಕಾಯಿಲೆ ಇಲ್ಲದೆ ಜೀನ್ ಮಾತ್ರ ಹೊತ್ತಿದ್ದರೂ, ಮಜ್ಜೆ ಕೊಡಬಹುದು. ವಾಹಕಿ ಅಂದ ಕೂಡಲೇ ಆಕೆಯನ್ನು ಪಟ್ಟಿಯಿಂದ ತೆಗೆದುಹಾಕುವ ಮನೆಗಳಿವೆ. ಅದು ತಪ್ಪು.

ನಮ್ಮ ಭಾಗದ ವಿಷಯ ಇನ್ನೂ ಸ್ವಲ್ಪ ಬೇರೆ. ಸೋದರಮಾವನಿಗೆ ಅಕ್ಕನ ಮಗಳು, ಅತ್ತೆಯ ಮಗನಿಗೆ ಮಾವನ ಮಗಳು. ಈ ಮದುವೆಗಳು ನಮ್ಮಲ್ಲಿ ಹೊಸದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲೇ ಆಗಿದೆ. ಒಂದೇ ಮನೆತನದಲ್ಲಿ ಥಲಸೇಮಿಯಾ ಜೀನ್ ಇದ್ದು, ಒಳಗಿಂದೊಳಗೇ ಮದುವೆ ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾಗುವ ಸಾಧ್ಯತೆ ಜಾಸ್ತಿ. ಕಾಯಿಲೆಯ ಮಕ್ಕಳೂ ಜಾಸ್ತಿ.

ಆದರೆ ಅದೇ ಮದುವೆ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿರುತ್ತದೆ. ಅಪ್ಪ ಅವ್ವ ಸಂಬಂಧಿಗಳೇ ಆಗಿದ್ದರೆ ಇಬ್ಬರಲ್ಲೂ ಒಂದೇ ಎಚ್‌ಎಲ್‌ಎ ಕಟ್ಟು ಇರಬಹುದು. ಆಗ ಅಪ್ಪನೋ ಅವ್ವನೋ ಮಗುವಿಗೆ ಪೂರ್ತಿ ಹೊಂದಿಬಿಡಬಹುದು. ಕಾಕಾ, ಮಾವ, ಸೋದರತ್ತೆ, ಅವರ ಮಕ್ಕಳಲ್ಲಿ ಯಾರಾದರೂ ಹೊಂದಬಹುದು. ಹೊರಗಿನ ಸಂಬಂಧದಲ್ಲಿ ಮದುವೆಯಾದವರ ಮನೆಯಲ್ಲಿ ಇದು ತೀರಾ ಅಪರೂಪ. ಹಾಗಾಗಿ ನಮ್ಮ ಕಡೆಯ ಕುಟುಂಬ ಡಾಕ್ಟರ ಮುಂದೆ ಕೂತಾಗ 'ನಮ್ಮದು ಸಂಬಂಧದಲ್ಲೇ ಆದ ಮದುವೆ' ಅಂತ ಬಾಯಿಬಿಟ್ಟು ಹೇಳಬೇಕು. ಬೈತಾರೆ ಅಂತ ಎಷ್ಟೋ ಜನ ಮುಚ್ಚಿಡುತ್ತಾರೆ. ಹೇಳಿದರೆ ಹುಡುಕಾಟದ ಬಲೆ ಅಗಲವಾಗುತ್ತದೆ.

ಮನೆಯಲ್ಲಿ ಸಿಗದಿದ್ದರೆ

ಮನೆಯಲ್ಲಿ ಹೊಂದುವವರು ಸಿಗದಿದ್ದಾಗ ಉಳಿಯುವುದು ದಾನಿಗಳ ನೋಂದಣಿ ಪಟ್ಟಿ. ಜಗತ್ತಿನಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಇಂಥ ಪಟ್ಟಿಗಳಲ್ಲಿ ಹೆಸರು ಕೊಟ್ಟಿದ್ದಾರೆ. ಎಂಟೂ ಚಿಲ್ಲರೆ ಕೋಟಿ ಜನರ ಜರ್ಮನಿಯೊಂದರಲ್ಲೇ ಸುಮಾರು ಒಂದು ಕೋಟಿ. ನೂರನಲವತ್ತು ಕೋಟಿ ಜನರ ನಮ್ಮ ದೇಶದ ಲೆಕ್ಕ ಇನ್ನೂ ಲಕ್ಷಗಳಲ್ಲೇ ಇದೆ. 2009ರಲ್ಲಿ ಚೆನ್ನೈಯಲ್ಲಿ ಶುರುವಾದ ದಾತ್ರಿ, ಬೆಂಗಳೂರಿನಲ್ಲಿರುವ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ, ಮುಂಬೈನ ಮ್ಯಾರೋ ಡೋನರ್ ರಿಜಿಸ್ಟ್ರಿ ಇಂಡಿಯಾ ಇಲ್ಲಿನ ಮುಖ್ಯ ಪಟ್ಟಿಗಳು.

ಜರ್ಮನಿಯಲ್ಲಿ ಒಂದು ಕೋಟಿ ಇದ್ದರೆ ಅವರ ಮಜ್ಜೆ ನಮಗೆ ತರಿಸಬಹುದಲ್ಲ ಅಂತ ಕೇಳಬಹುದು. ತರಿಸಬಹುದು. ಚೀಲ ತಂಪು ಪೆಟ್ಟಿಗೆಯಲ್ಲಿ ವಿಮಾನ ಹತ್ತಿ ಬರುತ್ತದೆ. 72 ಗಂಟೆಯೊಳಗೆ ರೋಗಿಗೆ ಹಾಕಿದರೆ ಸಾಕು. ತೊಂದರೆ ಇರುವುದು ಸಾಗಾಟದಲ್ಲಿ ಅಲ್ಲ. ಎಚ್‌ಎಲ್‌ಎ ಗುರುತು ಪೂರ್ವಜರಿಂದ ಇಳಿದು ಬರುತ್ತದೆ. ಜರ್ಮನಿಯವರ ಕಟ್ಟುಗಳು ಬೇರೆ, ನಮ್ಮವು ಬೇರೆ. ನಮ್ಮ ದೇಶದೊಳಗೂ ಎಲ್ಲರದೂ ಒಂದೇ ಅಲ್ಲ. ಶತಮಾನಗಳಿಂದ ಒಂದೊಂದು ಸಮುದಾಯ ತನ್ನೊಳಗೇ ಹೆಣ್ಣು ಕೊಟ್ಟು ತಂದುಕೊಂಡಿದೆ. ಕಟ್ಟುಗಳೂ ಹಾಗೇ ಗುಂಪುಗುಂಪಾಗಿ ಉಳಿದಿವೆ. ಅಫಜಲಪುರದ ಹುಡುಗನಿಗೆ ಹೊಂದುವ ಮಜ್ಜೆ ಅಫಜಲಪುರ, ಸಿಂದಗಿ, ಅಕ್ಕಲಕೋಟೆ ಕಡೆಯ ಅವನದೇ ಬಳಗದಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಬಸವಕಲ್ಯಾಣದ ಹುಡುಗಿಗೆ ಬೀದರ್, ಉದಗೀರ, ಜಹೀರಾಬಾದ್ ಸುತ್ತ ಸಿಗಬಹುದು.

ಈ ಪಟ್ಟಿಗಳಿಗೆ ಹೆಸರು ಸೇರಿಸುವ ಶಿಬಿರಗಳು ಹೆಚ್ಚಾಗಿ ನಡೆದಿರುವುದು ದೊಡ್ಡ ಊರುಗಳ ಕಂಪನಿ, ಕಾಲೇಜುಗಳಲ್ಲಿ. ಸುರಪುರದಿಂದಲೋ ಚಿಂಚೋಳಿಯಿಂದಲೋ ಬೆಂಗಳೂರಿಗೆ ಹೋಗಿ ಐಟಿ ಕೆಲಸ ಮಾಡುವವರು ಅಲ್ಲಿ ಹೆಸರು ಕೊಟ್ಟಿರಬಹುದು. ಆದರೆ ಗುಳೆ ಹೋಗಿ ಅದೇ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಯಾದಗಿರಿಯ ಹುಡುಗರ ಹತ್ತಿರ ಯಾರೂ ಇದರ ಮಾತೇ ಎತ್ತಿರೋದಿಲ್ಲ. ಅವರ ತಮ್ಮನಿಗೋ ಊರಿನ ಪಕ್ಕದ ಮನೆಯ ಕೂಸಿಗೋ ಕಾಯಿಲೆ ಬಂದಾಗ ಪಟ್ಟಿಯಲ್ಲಿ ಹುಡುಕಿದರೆ ಸಿಗಬೇಕಾದವರೇ ಇರೋದಿಲ್ಲ. ಬೇರೆ ಊರಿನವರು ನಮಗಾಗಿ ಎಷ್ಟು ಹೆಸರು ಕೊಟ್ಟರೂ ಈ ಖಾಲಿ ಜಾಗ ತುಂಬೋದು ಕಷ್ಟ. ನಾವೇ ತುಂಬಬೇಕು. ಕಲಬುರಗಿಯಲ್ಲೇ ಎಷ್ಟು ಕಾಲೇಜುಗಳಿವೆ! ಪಿಡಿಎ ಎಂಜಿನಿಯರಿಂಗ್ ಕಾಲೇಜು, ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ. ರಕ್ತದಾನ ಶಿಬಿರ ನಡೆಸುವ ದಿನವೇ ಒಂದು ಮೇಜು ಇದಕ್ಕೂ ಹಾಕಿದರೆ ಆಯಿತು. ಹೆಸರು ಸೇರಿಸೋಕೆ ಸೂಜಿಯೂ ಬೇಕಿಲ್ಲ, ಕೆನ್ನೆಯ ಒಳಗೆ ಹತ್ತಿ ಕಡ್ಡಿ ಉಜ್ಜಿದರೆ ಸಾಕು.

ಇತ್ತೀಚೆಗೆ ಅರ್ಧ ಹೊಂದುವ ಕಸಿಯೂ ಬಂದಿದೆ. ಅಪ್ಪ, ಅವ್ವ ಅಥವಾ ಮಗನ ಮಜ್ಜೆಯನ್ನೇ ಹಾಕಿ, ಕಸಿಯ ನಂತರ ಸೈಕ್ಲೋಫಾಸ್ಫಮೈಡ್ ಅನ್ನುವ ಔಷಧಿ ಕೊಟ್ಟು ದಾಳಿಕೋರ ಕೋಶಗಳನ್ನು ತಡೆಯುತ್ತಾರೆ. ದಾನಿ ಸಿಗದೆ ಕೈಚೆಲ್ಲಿದ್ದ ಎಷ್ಟೋ ಮನೆಗಳಿಗೆ ಇದರಿಂದ ದಾರಿ ಸಿಕ್ಕಿದೆ. ಇನ್ನು ಪಟ್ಟಿ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಆದರೆ ಥಲಸೇಮಿಯಾದಂಥ ಕಾಯಿಲೆಯಲ್ಲಿ ಅರ್ಧ ಹೊಂದುವ ಮಜ್ಜೆಯನ್ನು ಮೈ ತಿರಸ್ಕರಿಸುವ ಅಪಾಯ ಜಾಸ್ತಿ. ಪೂರ್ತಿ ಹೊಂದುವವರು ಸಿಕ್ಕರೆ ಅದೇ ಮೇಲು. ಎರಡೂ ದಾರಿ ಇರಲಿ ಅಂತೀನಿ ನಾನು.

ದಾನ ಕೊಡೋದು ಹೇಗೆ

ನನ್ನ ಮಗಳಿಗೆ ಇಪ್ಪತ್ತು ವರ್ಷ. ಆ ಬೆಂಚಿನ ಮಾತನ್ನು ಮನೆಯಲ್ಲಿ ಹೇಳಿದ ಮೇಲೆ ತಾನೇ ಆನ್‌ಲೈನ್‌ನಲ್ಲಿ ಅರ್ಜಿ ತುಂಬಿದಳು. ಕೆಲವು ದಿನಕ್ಕೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಉದ್ದನೆಯ ಹತ್ತಿ ಕಡ್ಡಿಗಳು, ಒಂದು ಒಪ್ಪಿಗೆ ಪತ್ರ. ಕನ್ನಡಿ ಮುಂದೆ ನಿಂತು ಒಂದೊಂದೇ ಕಡ್ಡಿಯನ್ನು ಕೆನ್ನೆಯ ಒಳಗೆ ಒಂದು ನಿಮಿಷ ಉಜ್ಜಿದಳು. ಒಣಗಿಸಿ ಲಕೋಟೆಗೆ ಹಾಕಿದಳು. ಅಷ್ಟೇ.

ಅಷ್ಟರಲ್ಲಿ ನಮ್ಮ ಅವ್ವ ಅಡುಗೆಮನೆಯಿಂದ ಬಂದರು. "ಲಗ್ನ ಆಗೋ ಹುಡುಗಿ. ಎಲುವಿನ್ಯಾಗಿಂದ ಏನರ ತಗದ್ರ ನಾಳಿಗಿ ಬಾಣಂತನ ಹ್ಯಾಂಗೋ?"

ಇದು ನಮ್ಮ ಅವ್ವನ ಭಯ ಮಾತ್ರ ಅಲ್ಲ. ಬೆನ್ನುಹುರಿಗೆ ಸೂಜಿ ಚುಚ್ಚುತ್ತಾರೆ, ಸೊಂಟ ಹೋಗುತ್ತದೆ, ಮಕ್ಕಳಾಗೋದಿಲ್ಲ ಅಂತ ಎಲ್ಲ ಕಡೆ ಮಾತಿದೆ. ಬೆನ್ನುಹುರಿಗೂ ಮಜ್ಜೆಗೂ ಸಂಬಂಧವೇ ಇಲ್ಲ. ಬೆನ್ನುಹುರಿ ನರ. ಅದನ್ನು ಯಾರೂ ಮುಟ್ಟೋದಿಲ್ಲ. ಈಗ ವಯಸ್ಕ ದಾನಿಗಳಲ್ಲಿ ಹೆಚ್ಚಿನವರು ಎಲುಬಿಗೆ ಸೂಜಿಯೇ ಇಲ್ಲದೆ ಕೊಡುತ್ತಾರೆ. ಐದು ದಿನ ಜಿಸಿಎಸ್‌ಎಫ್ ಅನ್ನುವ ಇಂಜೆಕ್ಷನ್ ಕೊಡುತ್ತಾರೆ. ಅದರಿಂದ ಕಾಂಡಕೋಶಗಳು ಹೆಚ್ಚಾಗಿ ಎಲುಬಿನಿಂದ ರಕ್ತಕ್ಕೆ ಇಳಿದು ಬರುತ್ತವೆ. ಆ ದಿನಗಳಲ್ಲಿ ಜ್ವರ ಬಂದಾಗಿನ ಹಾಗೆ ಮೈಕೈ ನೋವು, ತಲೆನೋವು ಇರುತ್ತದೆ. ಕಡೆಗೆ ಒಂದು ದಿನ ನಾಲ್ಕೈದು ಗಂಟೆ ಮಲಗಿರಬೇಕು. ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಕಾಂಡಕೋಶ ಬೇರೆಯಾಗುತ್ತದೆ, ಉಳಿದ ರಕ್ತ ಇನ್ನೊಂದು ಕೈಯಿಂದ ವಾಪಸ್ ಬರುತ್ತದೆ. ಒಮ್ಮೊಮ್ಮೆ ಮರುದಿನವೂ ಕೂರಬೇಕಾಗುತ್ತದೆ. ಇನ್ನೊಂದು ವಿಧಾನದಲ್ಲಿ ಅರಿವಳಿಕೆ ಕೊಟ್ಟು ಸೊಂಟದ ಹಿಂಭಾಗದ ಎಲುಬಿನಿಂದ ಸೂಜಿಯಲ್ಲಿ ಎಳೆಯುತ್ತಾರೆ. ಕೆಲವು ದಿನ ಅಲ್ಲಿ ನೋವಿರುತ್ತದೆ. ಮಕ್ಕಳು ದಾನಿಗಳಾದಾಗ ಸಾಮಾನ್ಯವಾಗಿ ಇದೇ ವಿಧಾನ. ಯಾವುದೇ ಆದರೂ ತೆಗೆದ ಕೋಶಗಳು ಕೆಲವು ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ದಾನಿ ಒಂದು ರೂಪಾಯಿ ಖರ್ಚು ಮಾಡಬೇಕಿಲ್ಲ.

ಇದನ್ನೆಲ್ಲ ಮಗಳು ಅಜ್ಜಿಗೆ ಕೂತು ಹೇಳಿದಳು. ಎರಡು ದಿನ ಬಿಟ್ಟು ಅವ್ವ ತಾವಾಗಿಯೇ ಅಂದರು, "ರಕ್ತ ಕೊಟ್ಟಂಗ ಅಂದ್ರ ಆಗ್ಲಿ ತಗೋ, ಕಳಸು."

ಈ ಮಾತುಕತೆ ಮೊದಲೇ ಆಗಬೇಕು. ಯಾಕೆ ಅಂದರೆ ಹೆಸರು ಕೊಟ್ಟವರಲ್ಲಿ ಹಲವರು ಕರೆ ಬಂದಾಗ ಹಿಂದೆ ಸರಿಯುತ್ತಾರೆ. ಎಷ್ಟೋ ಸಲ ಅವರಿಗೆ ಮನಸ್ಸಿರುತ್ತದೆ, ಮನೆಯವರು ಬಿಡುವುದಿಲ್ಲ. ಹೆಸರು ಕೊಟ್ಟ ದಿನ ಬೇಡ ಅಂದರೆ ಏನೂ ನಷ್ಟ ಇಲ್ಲ. ಮಜ್ಜೆ ಹೊಂದಿದೆ ಅಂತ ಫೋನ್ ಬಂದಾಗ ಬೇಡ ಅಂದರೆ ಒಂದು ಮನೆಯ ಆಸೆ ಮುರಿಯುತ್ತದೆ. ರೋಗಿಗೆ ಕೀಮೋ ಶುರುವಾದ ಮೇಲೆ ಬೇಡ ಅಂದರೆ ಆ ರೋಗಿ ಉಳಿಯುವುದು ಬಹಳ ಕಷ್ಟ. ಹರಗಿದ ಹೊಲಕ್ಕೆ ಬೀಜವೇ ಇಲ್ಲದ ಹಾಗೆ. ಅದಕ್ಕೇ ಮನೆಯಲ್ಲಿ ಕೂತು, ಹಿರಿಯರನ್ನೂ ಸೇರಿಸಿಕೊಂಡು ಮಾತಾಡಿ, ಆಮೇಲೆ ಹೆಸರು ಕೊಡಿ. 18 ತುಂಬಿರಬೇಕು. ಮೇಲಿನ ವಯಸ್ಸು ಒಂದೊಂದು ಪಟ್ಟಿಯಲ್ಲಿ ಒಂದೊಂದು ಥರ, 50ರ ಆಸುಪಾಸು. ಚಿಕ್ಕ ವಯಸ್ಸಿನ ದಾನಿಗಳನ್ನೇ ಡಾಕ್ಟರುಗಳು ಮೊದಲು ಆರಿಸುತ್ತಾರೆ. ಬಹಳ ಜನಕ್ಕೆ ಜೀವನದಲ್ಲಿ ಒಮ್ಮೆಯೂ ಕರೆ ಬರದೇ ಇರಬಹುದು.

ದುಡ್ಡು, ದಾರಿ, ಕಾಯುವ ದಿನಗಳು

ಒಡಹುಟ್ಟಿದವರ ಮಜ್ಜೆಯ ಕಸಿಗೆ ಖಾಸಗಿ ಆಸ್ಪತ್ರೆಯಲ್ಲಿ ಹತ್ತು ಲಕ್ಷದ ಆಸುಪಾಸಿನಿಂದ ಲೆಕ್ಕ ಶುರುವಾಗುತ್ತದೆ. ಪಟ್ಟಿಯ ದಾನಿಯಾದರೆ ಇನ್ನೂ ಜಾಸ್ತಿ. ಒಂದು ವರ್ಷದ ತೊಗರಿ ರಾಶಿ ಮಾರಿ ಬರುವ ದುಡ್ಡಲ್ಲ ಇದು. ಹೊಲ ಮಾರುವ ಮೊದಲು ಕೇಳಬೇಕಾದ ಬಾಗಿಲುಗಳಿವೆ. ಕೇಂದ್ರ ಸರ್ಕಾರ ಮತ್ತು ಕೋಲ್ ಇಂಡಿಯಾ ಸೇರಿ ನಡೆಸುವ ಥಲಸೇಮಿಯಾ ಬಾಲ ಸೇವಾ ಯೋಜನೆ 2017ರಿಂದ ಇದೆ. ಕುಟುಂಬದಲ್ಲೇ ಹೊಂದುವ ದಾನಿ ಇರುವ ಮಗುವಿಗೆ ₹10 ಲಕ್ಷದವರೆಗೆ ನೆರವು ಸಿಗುತ್ತದೆ. ವಯಸ್ಸು, ವರಮಾನದ ಮಿತಿ ಇದೆ. ಹಾಗಾಗಿ 'ಇನ್ನೂ ಸ್ವಲ್ಪ ದೊಡ್ಡವನಾಗಲಿ' ಅಂತ ಕಾಯುವುದು ಎರಡು ಕಡೆಯಿಂದ ನಷ್ಟ. ಪದೇ ಪದೇ ಹಾಕಿಸಿದ ರಕ್ತದಿಂದ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುತ್ತದೆ, ಯೋಜನೆಯ ವಯಸ್ಸೂ ಮೀರುತ್ತದೆ. ಪ್ರಧಾನಿ ಪರಿಹಾರ ನಿಧಿ, ಮುಖ್ಯಮಂತ್ರಿ ಪರಿಹಾರ ನಿಧಿ, ನಮ್ಮ ರಾಜ್ಯದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇವೆಲ್ಲವನ್ನೂ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಹತ್ತಿರ ವಿಚಾರಿಸಬೇಕು. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯಲ್ಲೂ ಈಗ ಬಿಎಂಟಿ ಘಟಕ ಇದೆ. ಅಲ್ಲಿಯ ಖರ್ಚನ್ನೂ ಕೇಳಿ ನೋಡಿ.

ನಮ್ಮವರು ಬೆಂಗಳೂರಿಗಿಂತ ಹೈದರಾಬಾದಿಗೆ ಹೋಗುವುದೇ ಹೆಚ್ಚು. ಸಹಜ. ಕಲಬುರಗಿಯಿಂದ ಬೆಂಗಳೂರು ಸುಮಾರು ಆರುನೂರು ಕಿ.ಮೀ., ಹೈದರಾಬಾದ್ ಇನ್ನೂರು ಚಿಲ್ಲರೆ. ಬೀದರಿನವರಿಗೆ ಇನ್ನೂ ಹತ್ತಿರ. ಆದರೆ ತೆಲಂಗಾಣದ ಸರ್ಕಾರಿ ಆರೋಗ್ಯ ಯೋಜನೆ ಆರೋಗ್ಯಶ್ರೀ ಅಲ್ಲಿಯ ನಿವಾಸಿಗಳಿಗೆ. ನಮ್ಮ ಆರೋಗ್ಯ ಕಾರ್ಡ್ ಈ ಚಿಕಿತ್ಸೆಗೆ ಅಲ್ಲಿ ಎಷ್ಟು ನಡೆಯುತ್ತದೆ ಅನ್ನುವುದನ್ನು ಅಡ್ಮಿಟ್ ಆಗುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಆಮೇಲೆ 100 ದಿನದ ಬಾಡಿಗೆ ಕೋಣೆ, ಊಟ, ಅಪ್ಪನ ಕೂಲಿ ತಪ್ಪಿದ್ದು, ಮನೆಯಲ್ಲಿ ಬಿಟ್ಟು ಬಂದ ಇನ್ನೊಂದು ಮಗು. ಈ ಖರ್ಚು ಯಾವ ಯೋಜನೆಯ ಲೆಕ್ಕದಲ್ಲೂ ಪೂರ್ತಿ ಬರೋದಿಲ್ಲ.

ಕಲಬುರಗಿಯಲ್ಲೇ ಬಿಎಂಟಿ ಘಟಕ ಬೇಕು ಅಂತ ಆಗಾಗ ಮಾತು ಕೇಳುತ್ತದೆ. ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಇದೆ, ಕಿದ್ವಾಯಿಯ ಶಾಖೆ ಇದೆ, ಇಎಸ್‌ಐ ಆಸ್ಪತ್ರೆ ಇದೆ, ಆಸೆ ನ್ಯಾಯವಾದದ್ದೇ. ಆದರೆ ಗಾಳಿ ಸೋಸುವ ಕೋಣೆ ಕಟ್ಟಿದರೆ ಘಟಕ ಆಗೋದಿಲ್ಲ. ರಾತ್ರಿ ಎರಡು ಗಂಟೆಗೂ ಪ್ಲೇಟ್‌ಲೆಟ್ ಸಿಗಬೇಕು. ಆ ರಕ್ತವನ್ನು ವಿಕಿರಣಕ್ಕೆ ಒಡ್ಡಿ ಕೊಡುವ ಯಂತ್ರ ಬೇಕು. ತರಬೇತಾದ ನರ್ಸುಗಳು ಬಿಟ್ಟುಹೋಗದೆ ಉಳಿಯಬೇಕು. ಅದಕ್ಕೆ ಮೊದಲು ಮಾಡಬಹುದಾದ ಕೆಲಸ ಇದೆ. ಕಸಿ ಬೆಂಗಳೂರಲ್ಲೋ ವೆಲ್ಲೂರಲ್ಲೋ ಆಗಲಿ, ವಾಪಸ್ ಬಂದ ಮಗುವಿನ ರಕ್ತ ಪರೀಕ್ಷೆ, ಔಷಧಿಯ ಮಟ್ಟ ನೋಡೋದು, ಜ್ವರ ಬಂದ ರಾತ್ರಿ ಮೊದಲ ಆರೈಕೆ ಇಲ್ಲಿಯೇ ಆಗುವಂತಿರಬೇಕು. ರಕ್ತಶಾಸ್ತ್ರದ ತಜ್ಞರು ವಾರಕ್ಕೆ ಒಂದು ದಿನವಾದರೂ ಜಿಲ್ಲಾ ಕೇಂದ್ರದಲ್ಲಿ ಸಿಗಬೇಕು. ಎಚ್‌ಎಲ್‌ಎ ಪರೀಕ್ಷೆಯ ಮಾದರಿಯನ್ನು ಇಲ್ಲೇ ತೆಗೆದು ಕಳಿಸುವ ವ್ಯವಸ್ಥೆ ಬೇಕು. ಕೆನ್ನೆಯ ಮಾದರಿ ಕೊಡೋಕೆ ನಾಲ್ಕು ಜನದ ಸಂಸಾರ ರಾತ್ರಿ ರೈಲು ಹತ್ತಬೇಕಾ?

ಕಸಿಯ ಯೋಚನೆ ಇರುವ ಮನೆಯವರಿಗೆ ಒಂದು ಮುಖ್ಯ ಮಾತು. ನಮ್ಮ ಕಡೆ ಪೇಶೆಂಟಿಗೆ ರಕ್ತ ಬೇಕು ಅಂದರೆ ಅಣ್ಣ, ತಮ್ಮ, ಕಾಕಾ ಓಡಿ ಬಂದು ಕೈ ಚಾಚುತ್ತಾರೆ. ಆ ಪ್ರೀತಿ ದೊಡ್ಡದು. ಆದರೆ ಮುಂದೆ ಮಜ್ಜೆ ಕೊಡಬೇಕಾಗಬಹುದಾದ ಹತ್ತಿರದ ರಕ್ತಸಂಬಂಧಿಗಳ ರಕ್ತವನ್ನು ಅದೇ ರೋಗಿಗೆ ಹಾಕಬಾರದು. ರೋಗಿಯ ಮೈ ಆ ಗುರುತಿನ ವಿರುದ್ಧ ಮೊದಲೇ ಸಿದ್ಧವಾಗಿಬಿಡುತ್ತದೆ. ಆಮೇಲೆ ಅದೇ ತಮ್ಮನ ಮಜ್ಜೆಯನ್ನು ತಿರಸ್ಕರಿಸಬಹುದು. ಅಪ್ಲಾಸ್ಟಿಕ್ ಅನೀಮಿಯಾದಲ್ಲಂತೂ ಇದನ್ನು ಕಟ್ಟುನಿಟ್ಟಾಗಿ ನೋಡುತ್ತಾರೆ. ತಮ್ಮ ರಕ್ತ ಕೊಡಲಿ, ಅದು ಬೇರೆಯವರಿಗೆ ಹೋಗಲಿ. ರೋಗಿಗೆ ಹೊರಗಿನವರ ರಕ್ತವನ್ನು, ಸಾಧ್ಯವಾದರೆ ಬಿಳಿ ಕಣ ಸೋಸುವ ಫಿಲ್ಟರ್ ಹಾಕಿ ಕೊಡಿ ಅಂತ ಕೇಳಬೇಕು. ಜತೆಗೆ ಕಬ್ಬಿಣ ಇಳಿಸುವ ಡೆಫೆರಾಸಿರಾಕ್ಸ್ ಮಾತ್ರೆ ಒಂದು ದಿನವೂ ತಪ್ಪಬಾರದು. ಲಿವರ್ ಚೆನ್ನಾಗಿದ್ದಷ್ಟೂ ಕಸಿ ಗೆಲ್ಲುತ್ತದೆ.

ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ. ಹೆರಿಗೆ ಆಸ್ಪತ್ರೆಗಳಲ್ಲಿ ಹೊಕ್ಕುಳಬಳ್ಳಿ ರಕ್ತದಲ್ಲಿ ಕಾಂಡಕೋಶ ಇದೆ, ಅದನ್ನು ಖಾಸಗಿಯಾಗಿ ಕೂಡಿಡಿ ಅಂತ ಜಾಹೀರಾತು ಕೊಡುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಇದನ್ನು ಶಿಫಾರಸು ಮಾಡುವುದಿಲ್ಲ. ಥಲಸೇಮಿಯಾ ಮಗುವಿನ ಸ್ವಂತ ಬಳ್ಳಿ ರಕ್ತದಲ್ಲೂ ಅದೇ ದೋಷ ಇರುತ್ತದೆ. ಇನ್ನು ಮೊಣಕಾಲು ನೋವಿಗೆ, ಸಕ್ಕರೆ ಕಾಯಿಲೆಗೆ, ಆಟಿಸಂಗೆ ಸ್ಟೆಮ್ ಸೆಲ್ ಅಂತ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಅದಕ್ಕೂ ಇಲ್ಲಿ ಹೇಳಿದ ಕಸಿಗೂ ಸಂಬಂಧ ಇಲ್ಲ.

ಥಲಸೇಮಿಯಾ ಬಾರದಂತೆ ತಡೆಯುವ ದಾರಿ ಕಸಿಗಿಂತ ಸಾವಿರ ಪಾಲು ಅಗ್ಗ. ಎಚ್‌ಬಿಎ2 ಅನ್ನುವ ಒಂದು ರಕ್ತ ಪರೀಕ್ಷೆ ಸಾಕು. ಮದುವೆಗೆ ಮೊದಲು ಅಥವಾ ಬಸುರಿಯ ಮೊದಲ ತಿಂಗಳುಗಳಲ್ಲೇ ಮಾಡಿಸಬೇಕು. ಹೆಂಡತಿ ವಾಹಕಿ ಅಂತ ಬಂದರೆ ಗಂಡನಿಗೂ ಮಾಡಿಸಬೇಕು. ಸಂಬಂಧದಲ್ಲೇ ಕೊಟ್ಟು ತರುವ ಮನೆಗಳಲ್ಲಿ ಇದನ್ನು ಬಿಡಲೇಬಾರದು.

ಆ ತಾಯಿಯದೂ ಸೋದರಮಾವನ ಜತೆಗಿನ ಮದುವೆ. ಅವರಿಗೆ ಇನ್ನೊಬ್ಬಳು ಮಗಳಿದ್ದಾಳೆ, ನಾಲ್ಕು ವರ್ಷ, ಆರೋಗ್ಯವಾಗಿದ್ದಾಳೆ. ಎಚ್‌ಎಲ್‌ಎ ಪರೀಕ್ಷೆ ಯಾರಿಗೂ ಆಗಿರಲಿಲ್ಲ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್, ಡಿಕೆಎಂಎಸ್‌ನಂಥ ಸಂಸ್ಥೆಗಳು ಥಲಸೇಮಿಯಾ ಮಕ್ಕಳ ಮನೆಯವರಿಗೆ ಈ ಪರೀಕ್ಷೆಯನ್ನು ಉಚಿತವಾಗಿ ಮಾಡಿಸಿದ ಶಿಬಿರಗಳ ಬಗ್ಗೆ ಹೇಳಿ, ಎರಡೂ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಚೀಟಿಯನ್ನು ಫೈಲಿನ ಮೊದಲ ಹಾಳೆಗೆ ಪಿನ್ ಹಾಕಿದರು. ಆಮೇಲೆ ಕೇಳಿದ ಪ್ರಶ್ನೆ ಒಂದೇ.

"ಕೂಡ್ತು ಅಂದ್ರ, ಸಣ್ಣಾಕಿಗಿ ಭಾಳ ನೋಯ್ತದೇನ್ರಿ?"

ಮಲಗಿಸಿಯೇ ತೆಗೆಯುತ್ತಾರೆ, ಎದ್ದ ಮೇಲೆ ಕೆಲವು ದಿನ ಸೊಂಟದ ಹತ್ತಿರ ನೋವಿರುತ್ತದೆ, ಆಮೇಲೆ ಎಂದಿನಂತೆ ಓಡಾಡುತ್ತಾಳೆ ಅಂದೆ. ಒಳಗಿಂದ ಹುಡುಗನ ಹೆಸರು ಕೂಗಿದರು. ಅವರು ಮಗನನ್ನು ಎಬ್ಬಿಸಿ, ಚೀಲ ಹೆಗಲಿಗೆ ಹಾಕಿಕೊಂಡರು. "ಮೂರು ವಾರಕ್ಕ ಮತ್ತ ಬರೋದದ. ಆವಾಗ ಆಕೀನೂ ಕರಕೊಂಡು ಬರ್ತೀನ್ರಿ" ಅಂದು ಒಳಗೆ ಹೋದರು.